ಆಸ್ಪತ್ರೆಯ ಸ್ಟೋರೇಜ್ ಅರೇಯಲ್ಲಿ ಆಟೋ ಟಿಯರಿಂಗ್: ಸೋಮವಾರ ಕಲಿಸಿದ್ದು

ಮಂಗಳೂರಿನ ನಮ್ಮ ಆಸ್ಪತ್ರೆಯಲ್ಲಿರುವ ಸ್ಟೋರೇಜ್ ಅರೇಯ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಡೇಟಾ ಇಡುವ ಸಾಧನ) ಆಟೋ ಟಿಯರಿಂಗ್ ಸೌಲಭ್ಯ, ಅಂದರೆ ಹೆಚ್ಚು ಬಳಕೆಯ ಡೇಟಾವನ್ನು ವೇಗದ ಡಿಸ್ಕ್‌ಗಳಿಗೂ ಕಡಿಮೆ ಬಳಕೆಯದನ್ನು ನಿಧಾನದ ಡಿಸ್ಕ್‌ಗಳಿಗೂ ತಾನಾಗಿಯೇ ಸಾಗಿಸುವ ವ್ಯವಸ್ಥೆ, ನನಗೆ ಬಹಳ ಮೆಚ್ಚುಗೆಯಾಗಿದೆ. ಆದರೂ ಅದರ ಒಂದು ಕೊರತೆಯನ್ನು ಬಿಟ್ಟು ಬರೆದರೆ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ.

ನೋಂದಣಿಯ ಡೇಟಾಬೇಸ್, ಸಿಟಿ ಮತ್ತು ಎಂಆರ್‌ಐ ಚಿತ್ರಗಳು ಎಲ್ಲವೂ ಒಂದೇ ಪೂಲ್‌ನಲ್ಲಿ, ಅಂದರೆ ಎಲ್ಲ ಡಿಸ್ಕ್‌ಗಳೂ ಸೇರಿದ ಒಂದೇ ಸಂಗ್ರಹದಲ್ಲಿ, ಇವೆ. ಮೇಲ್ಪದರದಲ್ಲಿ ವೇಗದ, ದುಬಾರಿಯಾದ ಎಸ್‌ಎಸ್‌ಡಿ, ಕೆಳಪದರದಲ್ಲಿ ನಿಧಾನವಾಗಿ ತಿರುಗುವ 7,200 ಆರ್‌ಪಿಎಂನ ದೊಡ್ಡ ಡಿಸ್ಕ್‌ಗಳು ರೇಡ್ 6ರಲ್ಲಿ (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಎಲ್ಲವನ್ನೂ ಎಸ್‌ಎಸ್‌ಡಿಯಲ್ಲೇ ಇಡುವಷ್ಟು ಹಣ ಟ್ರಸ್ಟ್ ನಡೆಸುವ ಆಸ್ಪತ್ರೆಗೆ ಇಲ್ಲ. ಅದರ ಅಗತ್ಯವೂ ಇಲ್ಲ: ಸ್ಕ್ಯಾನ್ ಆದ ಮೊದಲ ಕೆಲವು ದಿನ ವೈದ್ಯರು ಚಿತ್ರಗಳನ್ನು ಪದೇ ಪದೇ ತೆರೆಯುತ್ತಾರೆ, ಆಮೇಲೆ ರೋಗಿ ಪುತ್ತೂರಿನಿಂದಲೋ ಕಾಸರಗೋಡಿನಿಂದಲೋ ಮರುತಪಾಸಣೆಗೆ ಬರುವವರೆಗೆ ಅವುಗಳನ್ನು ಯಾರೂ ಕೇಳುವುದಿಲ್ಲ.

ಓಪಿಡಿ ತೆರೆಯುವ ಮೊದಲು, ಹಿಂದಿನ ರಾತ್ರಿ ಯಾವ ವಾಲ್ಯೂಮ್‌ನಿಂದ (ಪೂಲ್‌ನಲ್ಲಿ ವಿಂಗಡಿಸಿಟ್ಟ ಭಾಗ) ಎಷ್ಟು ಡೇಟಾ ಮೇಲೇರಿತು, ಎಷ್ಟು ಕೆಳಗಿಳಿಯಿತು ಎಂಬ ವರದಿಯನ್ನು ನಿಧಾನವಾಗಿ ಓದುವುದು ನನಗೆ ದಿನದ ಅತ್ಯಂತ ಪ್ರಿಯವಾದ ಕೆಲಸವಾಗಿದೆ. ಹಳೆಯ ಚಿತ್ರಗಳು ತಾವಾಗಿಯೇ ಕೆಳಗಿಳಿದು ನೋಂದಣಿಯ ಡೇಟಾಬೇಸ್‌ಗೆ ಜಾಗ ಬಿಟ್ಟಿರುವುದನ್ನು ಕಂಡಾಗ ನಿಜವಾಗಿಯೂ ಸಂತೋಷವಾಗುತ್ತದೆ.

ಆ ಸಂತೋಷ ಸೋಮವಾರ ಮಾತ್ರ ಇರುತ್ತಿರಲಿಲ್ಲ. ವಾರದಲ್ಲೇ ಅತಿ ಹೆಚ್ಚು ಜನ ಬರುವ ಆ ಬೆಳಿಗ್ಗೆಯೇ ನೋಂದಣಿ ಕೌಂಟರ್‌ನ ಪರದೆಗಳು ತಡವರಿಸುತ್ತಿದ್ದವು. ಕಾರಣ ಭಾನುವಾರದ ಪೂರ್ಣ ಬ್ಯಾಕಪ್. ಡೇಟಾವನ್ನು ಎಷ್ಟು ಸಲ ಓದಲಾಯಿತು ಎಂಬುದನ್ನಷ್ಟೇ ಅರೇ ಎಣಿಸುತ್ತದೆ. ಓದಿದ್ದು ವೈದ್ಯರೋ ಬ್ಯಾಕಪ್ ತಂತ್ರಾಂಶವೋ ಎಂಬುದು ಅದಕ್ಕೆ ತಿಳಿಯದು. ಹೀಗಾಗಿ ವರ್ಷಗಳ ಹಿಂದಿನ ಸ್ಕ್ಯಾನ್‌ಗಳು ಹೆಚ್ಚು ಬಳಕೆಯ ‘ಬಿಸಿ ಡೇಟಾ’ ಎನಿಸಿಕೊಂಡು ಎಸ್‌ಎಸ್‌ಡಿಗೆ ಏರುತ್ತಿದ್ದವು, ರಜೆಯ ದಿನ ಸುಮ್ಮನಿದ್ದ ಡೇಟಾಬೇಸ್ ಕೆಳಗಿಳಿಯುತ್ತಿತ್ತು.

ಪರಿಹಾರ ಇದೇ ಅರೇಯಲ್ಲಿತ್ತು: ಓದುವಿಕೆಯನ್ನು ಎಣಿಸುವ ಅವಧಿಯನ್ನು ದಿನದ ಇಷ್ಟು ಗಂಟೆಗಳಿಗೆ ಮಾತ್ರ ಎಂದು ಮಿತಿಗೊಳಿಸಬಹುದು. ಇಷ್ಟು ಮುಖ್ಯವಾದ ಸೆಟ್ಟಿಂಗ್ ಅನ್ನು ಮೆನುವಿನ ಆಳದಲ್ಲಿ ಹುದುಗಿಸಿ, ಮೊದಲಿನಿಂದಲೂ 24 ಗಂಟೆಗೆ ಇಟ್ಟಿರುವುದು ಸರಿಯಲ್ಲ. ಅಳವಡಿಸಲು ಬಂದವರು ಅದರ ಬಗ್ಗೆ ಕೇಳಿದ್ದರೆ ನಮ್ಮ ರೋಗಿಗಳು ಸಾಲಿನಲ್ಲಿ ಅಷ್ಟು ಹೊತ್ತು ನಿಲ್ಲಬೇಕಾಗುತ್ತಿರಲಿಲ್ಲ. ಈಗ ಬ್ಯಾಕಪ್‌ನ ಹೊತ್ತನ್ನು ಬಿಟ್ಟು ಹಗಲಿನ ಓದುವಿಕೆ ಮಾತ್ರ ಲೆಕ್ಕಕ್ಕೆ ಬರುತ್ತಿದ್ದು, ಸೋಮವಾರವೂ ಉಳಿದ ದಿನಗಳಂತೆಯೇ ಸಾಗುತ್ತಿದೆ. ಆದರೆ ರಾತ್ರಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ತೆರೆಯುವ ಚಿತ್ರಗಳು ಆ ಲೆಕ್ಕದಿಂದ ಹೊರಗುಳಿಯುತ್ತವೆಯಾದ್ದರಿಂದ, ಆ ವಿಭಾಗದ ವಾಲ್ಯೂಮ್ ಅನ್ನು ಟಿಯರಿಂಗ್‌ಗೆ ಬಿಡದೆ ಕಾಯಂ ಆಗಿ ಎಸ್‌ಎಸ್‌ಡಿಯಲ್ಲೇ ಇರಿಸಿದ್ದೇನೆ.