ಬೆಡ್‌ಫೋರ್ಡ್ ಕೊಂಡು ಕೆಟ್ಟೆ, ಕಾಮೆಟ್ ಕೊಂಡು ಬದುಕಿದೆ

ನಮ್ಮ ಕಾಲದ ಲಾರಿಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಓಟು ಲೇಲ್ಯಾಂಡ್ ಕಾಮೆಟ್‌ಗೆ. 1962ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಕ್ಲೀನರ್ ಕೆಲಸಕ್ಕೆ ಹತ್ತಿದ್ದು ಕಾಮೆಟ್‌ಗೆ. ಮುಂದೆ ಸ್ವಂತದ್ದು ಅಂತ ಹದಿನಾರು ವರ್ಷ ಓಡಿಸಿ ಇಬ್ಬರು ಮಕ್ಕಳನ್ನು ಓದಿಸಿದ್ದೂ ಕಾಮೆಟ್‌ನಲ್ಲೇ. ನಡುವೆ ಮೂರು ವರ್ಷ ಬೇರೊಬ್ಬ ಧಣಿಗಳ ಟಾಟಾ ಮರ್ಸಿಡಿಸ್ ಓಡಿಸಿದೆ, ಒಂದೂವರೆ ವರ್ಷ ಒಂದು ಬೆಡ್‌ಫೋರ್ಡ್‌ಗೆ ನಾನೇ ಧಣಿಯಾಗಿದ್ದೆ. ಮೂರೂ ಓಡಿದ್ದು ಒಂದೇ ದಾರಿಯಲ್ಲಿ. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನ, ಬರುವಾಗ ಸಕಲೇಶಪುರದಿಂದ ಕಾಫಿ ಮೂಟೆ. ದಾರಿ ಒಂದೇ, ಲೋಡೂ ಒಂದೇ. ಹಾಗಾಗಿ ಹೋಲಿಸಿ ಮಾತಾಡುವ ಧೈರ್ಯ ನನಗಿದೆ.

ಮಂಗಳೂರಿಗೂ ಕಾಮೆಟ್‌ಗೂ ಇರುವ ನಂಟು ಹಳೆಯದು. ಅಶೋಕ್ ಮೋಟಾರ್ಸ್ 1948ರಲ್ಲಿ ಶುರುವಾದದ್ದು ಆಸ್ಟಿನ್ ಕಾರು ಜೋಡಿಸುವುದಕ್ಕೆ. 1950ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಒಪ್ಪಂದವಾಯಿತು. ಮದರಾಸಿನ ಎಣ್ಣೂರಿನಲ್ಲಿ ಜೋಡಿಸಿದ ಮೊದಲ ನಾಲ್ಕು ಕಾಮೆಟ್‌ಗಳು ಟಿಪ್ಪರ್‌ಗಳು, ಮಾರಾಟವಾದದ್ದು ಮಂಗಳೂರಿನ ಹೆಂಚಿನ ಕಾರ್ಖಾನೆಗೆ. ಕಂಪನಿ ಅಶೋಕ್ ಲೇಲ್ಯಾಂಡ್ ಎಂದು ಹೆಸರು ಬದಲಿಸಿಕೊಂಡದ್ದು 1955ರಲ್ಲಿ. ನಾನು ಕ್ಲೀನರ್ ಆಗುವ ಹೊತ್ತಿಗೆ ಬಂದರಿನಲ್ಲೂ ಹೆಂಚಿನ ಕಾರ್ಖಾನೆಗಳ ಗೇಟಿನಲ್ಲೂ ಕಾಮೆಟ್ ಎಂದು ಯಾರೂ ಅನ್ನುತ್ತಿರಲಿಲ್ಲ, ಬರೀ 'ಲೇಲ್ಯಾಂಡ್' ಅಂದರೆ ಸಾಕಿತ್ತು. ಶಾಲೆ ಮಾಸ್ತರರೊಬ್ಬರು ನನ್ನ ಅಮ್ಮನಿಗೆ ಕಾಮೆಟ್ ಎಂದರೆ ಧೂಮಕೇತು ಎಂದು ಹೇಳಿಬಿಟ್ಟಿದ್ದರು. ಅಪಶಕುನದ ಹೆಸರಿನ ಗಾಡಿಗೆ ಮಗ ಹತ್ತುತ್ತಾನಲ್ಲ ಎಂದು ಅಮ್ಮ ಬಹಳ ದಿನ ಬೇಸರ ಮಾಡಿಕೊಂಡಿದ್ದರು.

ಇಷ್ಟು ಪ್ರೀತಿ ಇದ್ದವನು 1974ರಲ್ಲಿ ಸ್ವಂತ ಲಾರಿ ಮಾಡುವಾಗ ಬೆಡ್‌ಫೋರ್ಡ್ ಯಾಕೆ ಕೊಂಡೆ? ದುಡ್ಡು, ಬೇರೇನಲ್ಲ. ನೋಡಿದ ಕಾಮೆಟ್‌ಗೆ 34,000 ಹೇಳಿದರು. ಬೆಡ್‌ಫೋರ್ಡ್ 17,000ಕ್ಕೆ ಸಿಕ್ಕಿತು. 1973ರ ಅರಬ್ ಯುದ್ಧದ ಬಳಿಕ ಪೆಟ್ರೋಲ್ ಬೆಲೆ ಏರಿ, ಪೆಟ್ರೋಲ್ ಲಾರಿ ಇಟ್ಟುಕೊಂಡವರ ಕತೆ ಮುಗಿದಿತ್ತು. ಅಂಥ ಲಾರಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಮಾರುವ ಗ್ಯಾರೇಜುಗಳು ಊರೂರಲ್ಲಿ ಹುಟ್ಟಿಕೊಂಡವು. ನನ್ನದು ಎ ಮಾಡೆಲ್, ಐವತ್ತರ ದಶಕದ ನಡುವಿನದು. ಪೆಟ್ರೋಲ್ ಎಂಜಿನ್ ತೆಗೆದು ಪರ್ಕಿನ್ಸ್ ಪಿ6 ಕೂರಿಸಿದ್ದರು. ಪಿ6 ಎಂಜಿನ್ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಮದರಾಸಿನ ಸೆಂಬಿಯಂನಲ್ಲಿ ಸಿಂಪ್ಸನ್‌ನವರು ಅದನ್ನು ಇಲ್ಲೇ ಮಾಡುತ್ತಿದ್ದರು, ಡಾಡ್ಜ್, ಫಾರ್ಗೋ ಲಾರಿಗಳಲ್ಲೂ ಅದೇ ಇತ್ತು, ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು.

ಕೊಳ್ಳುವ ಮುಂಚೆ ನಾನೇನು ಕಣ್ಣು ಮುಚ್ಚಿಕೊಂಡಿರಲಿಲ್ಲ. ಪೆಟ್ರೋಲ್ ಲಾರಿಯಲ್ಲಿ ಬ್ರೇಕಿಗೆ ಬಲ ಕೊಡುವ ಸರ್ವೋ, ಎಂಜಿನ್ನು ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ವ್ಯಾಕ್ಯೂಮ್‌ನಿಂದ ಕೆಲಸ ಮಾಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ಎಳೆತ ಸಾಲದು, ಅದಕ್ಕೆಂದೇ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅದನ್ನು ಬಿಟ್ಟು ಎಂಜಿನ್ ಮಾತ್ರ ಬದಲಿಸಿದ ಲಾರಿಗಳು ಘಾಟಿಯಲ್ಲಿ ಏನಾದವು ಎಂದು ಕಣ್ಣಾರೆ ಕಂಡಿದ್ದೆ. ಹಾಗಾಗಿ ಬಾನೆಟ್ ಎತ್ತಿಸಿ ಪಂಪು, ಅದರ ಪೈಪು, ಟ್ಯಾಂಕು ಎಲ್ಲ ನೋಡಿದೆ, ಖಾಲಿ ಗಾಡಿಯಲ್ಲಿ ಬ್ರೇಕ್ ಹೊಡೆದು ನೋಡಿದೆ. ಎಲ್ಲ ಸರಿಯಿತ್ತು. ನೋಡಬೇಕಾಗಿದ್ದ ಇನ್ನೊಂದು ಜಾಗ ನನಗೆ ಹೊಳೆಯಲಿಲ್ಲ.

ತೊಂದರೆ ಶುರುವಾದದ್ದು ಎರಡನೇ ತಿಂಗಳು. ಗುಂಡ್ಯ ದಾಟಿ ಘಾಟಿ ಮುಗಿದ ಮೇಲೆ ನೆಲ್ಯಾಡಿ ಕಡೆಗೆ ಸಣ್ಣ ಇಳಿಜಾರುಗಳು ಬರುತ್ತವೆ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಕೈಗೆ ಬಡಿದ ಹಾಗೆ ಗೇರ್ ಲಿವರ್ ಜಿಗಿದು ನ್ಯೂಟ್ರಲ್‌ಗೆ ಬಂತು. ಹಿಂದೆ ಏಳು ಟನ್ ಕಾಫಿ. ಎಂಜಿನ್ನಿನ ಹಿಡಿತ ತಪ್ಪಿದ ಲಾರಿ ಒಮ್ಮೆಲೆ ಹಗುರಾದ ಹಾಗೆ ಮುಂದೆ ನುಗ್ಗಿತು. ಬ್ರೇಕ್ ಒತ್ತಿ, ಡಬಲ್ ಕ್ಲಚ್ ಕೊಟ್ಟು ಮತ್ತೆ ಗೇರ್ ಹಾಕುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆವತ್ತು ಒಂದು ಸಲ ಆಯಿತು, ಮರುವಾರ ಮೂರು ಸಲ, ತಿಂಗಳೊಪ್ಪತ್ತಿನಲ್ಲಿ ಕಾಲು ತೆಗೆದಾಗೆಲ್ಲ.

ಲಾರಿ ಮಾರಿದ ಗ್ಯಾರೇಜಿಗೇ ಹೋದೆ. ಅದರ ಹೆಸರು ಇಲ್ಲಿ ಬೇಡ. ಗೇರ್‌ಬಾಕ್ಸ್ ಬಿಚ್ಚಿ ಟಾಪ್ ಗೇರಿನ ಹಲ್ಲು ಸವೆದಿದೆ ಎಂದರು, ಹೊಸದು ಹಾಕಿದೆ. ಮೂರು ವಾರ ಚೆನ್ನಾಗಿತ್ತು, ಮತ್ತೆ ಜಿಗಿಯತೊಡಗಿತು. ಎರಡನೇ ಸಲ ಗೇರನ್ನು ಹಿಡಿದಿಡುವ ಸೆಲೆಕ್ಟರ್‌ನ ಸ್ಪ್ರಿಂಗು, ಗುಂಡು ಬದಲಿಸಿದರು. ಮೂರನೇ ಸಲ ಬೇರಿಂಗ್. ಪ್ರತಿ ಸಲವೂ ಮೂರು ನಾಲ್ಕು ದಿನ ಬಾಡಿಗೆ ಇಲ್ಲ, ಮೇಲೆ ಗ್ಯಾರೇಜಿನ ಬಿಲ್ಲು. ಇದರ ನಡುವೆ ಕ್ಲಚ್ ಪ್ಲೇಟ್ ನಾಲ್ಕೇ ತಿಂಗಳಿಗೆ ಸವೆದುಹೋಯಿತು. ನಾನು ಕ್ಲಚ್ ಮೇಲೆ ಕಾಲಿಟ್ಟು ಓಡಿಸುವವನಲ್ಲ, ಧಣಿಗಳ ಕಾಮೆಟ್‌ನಲ್ಲಿ ಒಂದೇ ಪ್ಲೇಟಿನಲ್ಲಿ ಎರಡು ವರ್ಷ ತಳ್ಳಿದವನು. ಗೇರ್ ಮತ್ತು ಕ್ಲಚ್ ಎರಡೂ ಒಟ್ಟೊಟ್ಟಿಗೆ ಹಾಳಾಗುತ್ತಿರುವುದಕ್ಕೆ ಒಂದೇ ಬೇರು ಇರಬಹುದು ಎಂದು ಆಗಲೇ ಯೋಚಿಸಬೇಕಿತ್ತು.

ಕೊನೆಗೆ ಕ್ಲೀನರ್ ಹುಡುಗ ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಲಿವರ್‌ಗೂ ಸೀಟಿನ ಕಾಲಿಗೂ ಬಿಗಿದು ಕಟ್ಟುತ್ತಿದ್ದ. ಗೇರ್ ಬದಲಿಸುವ ಮುಂಚೆ "ಬಿಚ್ಚು ಮಾರಾಯ" ಅನ್ನಬೇಕು, ಹಾಕಿದ ಮೇಲೆ "ಕಟ್ಟು" ಅನ್ನಬೇಕು. ಹುಡುಗನಿಗೆ ನಿದ್ದೆ ಇಲ್ಲ, ನನಗೆ ನೆಮ್ಮದಿ ಇಲ್ಲ. ಒಂದು ರಾತ್ರಿ ಉಪ್ಪಿನಂಗಡಿಯ ಹತ್ತಿರ ಅವನು ತೂಕಡಿಸಿದ, ಪಟ್ಟಿ ಕಳಚಿತು, ಎದುರಿಗೆ ಎತ್ತಿನ ಗಾಡಿ ಬರುತ್ತಿತ್ತು. ಗಾಡಿಯವನು ಎತ್ತುಗಳನ್ನು ಗದ್ದೆಯ ಕಡೆ ಎಳೆದದ್ದರಿಂದ ನಾಲ್ಕು ಜೀವ ಉಳಿದವು. ಆ ರಾತ್ರಿ ರಸ್ತೆ ಬದಿಗೆ ಲಾರಿ ನಿಲ್ಲಿಸಿ ಬೆಳಗಾಗುವವರೆಗೆ ಕೂತೇ ಇದ್ದೆ.

ಹಾಸನದಲ್ಲಿ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. ಅವರು ಗೇರ್‌ಬಾಕ್ಸನ್ನು ಕೆಳಗಿಳಿಸಿ ಪಕ್ಕಕ್ಕಿಟ್ಟರು, ಬಿಚ್ಚಲೇ ಇಲ್ಲ. ಪಿ6 ಎಂಜಿನ್ನಿಗೂ ಬೆಡ್‌ಫೋರ್ಡ್ ಗೇರ್‌ಬಾಕ್ಸಿಗೂ ತೂತುಗಳು ಹೊಂದುವುದಿಲ್ಲವಾದ್ದರಿಂದ ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಹಾಕಿರುತ್ತಾರೆ. ಮೇಸ್ತ್ರಿ ಎಂಜಿನ್ನಿನ ಹಿಂತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್‌ಗೆ, ಕೂದಲೆಳೆಯಷ್ಟು ವ್ಯತ್ಯಾಸ ತೋರಿಸುವ ಡಯಲ್ ಗೇಜ್ ಕಟ್ಟಿ, ಅದರ ಮುಳ್ಳನ್ನು ಆ ಪ್ಲೇಟಿನ ನಡುವಿನ ದೊಡ್ಡ ತೂತಿನ ಅಂಚಿಗೆ ತಾಗಿಸಿ ಎಂಜಿನ್ನನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಮುಳ್ಳು ಒಂದು ಕಡೆ ವಾಲಿ ಇನ್ನೊಂದು ಕಡೆ ಹಿಂದೆ ಬಂತು. ಪ್ಲೇಟಿನ ತೂತು ನಡುವಿಗೆ ಇರಲಿಲ್ಲ, ಇಪ್ಪತ್ತು ಥೌ ಪಕ್ಕಕ್ಕೆ ಸರಿದಿತ್ತು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಇಪ್ಪತ್ತು ಥೌ ಅಂದರೆ ಅರ್ಧ ಮಿಲಿಮೀಟರ್. ಅಷ್ಟು ಸಾಕು. ಗೇರ್‌ಬಾಕ್ಸಿನ ಮೊದಲ ಶಾಫ್ಟಿನ ತುದಿ ಫ್ಲೈವೀಲ್ ನಡುವಿನ ಬೇರಿಂಗ್‌ನಲ್ಲಿ ಕೂರುತ್ತದೆ. ನೇರ ಇಲ್ಲದಿದ್ದರೆ ಸುತ್ತು ಸುತ್ತಿಗೂ ಅದು ಬಾಗುತ್ತದೆ, ಕ್ಲಚ್ ಪ್ಲೇಟನ್ನು ತೇಯುತ್ತದೆ, ಟಾಪ್ ಗೇರಿನ ಹಲ್ಲನ್ನು ಸ್ವಲ್ಪ ಸ್ವಲ್ಪವೇ ಹೊರಗೆ ದೂಡುತ್ತದೆ. ಹತ್ತು ಗೇರ್‌ಬಾಕ್ಸ್ ತಂದರೂ ಇದೇ ಹಣೆಬರಹ ಎಂದರು. ಅವರೇ ಲೇತಿನಲ್ಲಿ ಹೊಸ ಪ್ಲೇಟು ಕಡೆಸಿ ಹಾಕಿಕೊಟ್ಟರು. ಗೇರ್ ಜಿಗಿಯುವುದು ನಿಂತಿತು. ಅಷ್ಟು ಹೊತ್ತಿಗೆ ಗ್ಯಾರೇಜುಗಳಿಗೆ ನಾನು ಸುರಿದದ್ದು 9,000 ದಾಟಿತ್ತು, ಮೇಲೆ ಓಡದ ದಿನಗಳ ನಷ್ಟ. ಸಾಲಗಾರರ ಮುಂದೆ ತಲೆ ಎತ್ತಲಾಗದೆ 1976ರಲ್ಲಿ ಮಾರಿದೆ.

ಇದರಲ್ಲಿ ಬೆಡ್‌ಫೋರ್ಡ್ ಕಂಪನಿಯ ತಪ್ಪು ಎಳ್ಳಷ್ಟೂ ಇಲ್ಲ. ತಪ್ಪು ಆ ಪ್ಲೇಟು ಕಡೆದವರದ್ದು, ನೋಡದೆ ಕೊಂಡ ನನ್ನದು. ಹೊಸ ಪ್ಲೇಟು ಹಾಕಿದ ಮೇಲಿನ ಐದು ತಿಂಗಳಲ್ಲಿ ಅದು ಒಳ್ಳೆಯ ಲಾರಿ ಎಂದು ನನಗೂ ಗೊತ್ತಾಯಿತು. ಸ್ಟೇರಿಂಗ್ ಕಾಮೆಟ್‌ಗಿಂತ ಎಷ್ಟೋ ಹಗುರ. ಸ್ಪ್ರಿಂಗು ಮೆತ್ತಗೆ, ಹೆಂಚಿನ ಲೋಡಿಗೆ ಅದು ದೊಡ್ಡ ಲಾಭ. ಮೂರು ಸಾವಿರ ಹೆಂಚನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಒಣಹುಲ್ಲು ತುರುಕಿ ಜೋಡಿಸುತ್ತಿದ್ದೆವು. ಬೆಡ್‌ಫೋರ್ಡ್‌ನಲ್ಲಿ ಇಪ್ಪತ್ತು ಮೂವತ್ತು ಒಡೆದರೆ ಕಾಮೆಟ್‌ನಲ್ಲಿ ಐವತ್ತು ಅರವತ್ತು. ಒಡೆದ ಹೆಂಚಿನ ದುಡ್ಡು ಬಾಡಿಗೆಯಲ್ಲಿ ಮುರಿಯುತ್ತಿದ್ದರು.

ಹಾಗಿದ್ದರೂ ಕಾಮೆಟ್ ಯಾಕೆ? ಏರಿಗಾಗಿ. ಗುಂಡ್ಯದಿಂದ ಮಾರನಹಳ್ಳಿಗೆ ಹತ್ತುವಾಗ ಪಿ6 ಎಂಜಿನ್ನನ್ನು ಸದಾ ಜೋರು ಸುತ್ತಿನಲ್ಲಿ ಇಟ್ಟಿರಬೇಕು. ಸುತ್ತು ಇಳಿಯಿತೋ ಉಸಿರು ಕಟ್ಟಿತು, ಇನ್ನೊಂದು ಗೇರ್ ಕೆಳಗೆ. ಕಾಮೆಟ್‌ನ ಎಂಜಿನ್ 350 ಘನ ಇಂಚಿನದು, ಅದಕ್ಕೇ ಓ.350 ಎಂಬ ಹೆಸರು. 'ಓ' ಎಂದರೆ ಆಯಿಲ್ ಎಂಜಿನ್. ಪಿ6 ಇದ್ದದ್ದು 288. ಲೆಕ್ಕದಲ್ಲಿ ಕಾಣುವುದಕ್ಕಿಂತ ರಸ್ತೆಯಲ್ಲಿ ವ್ಯತ್ಯಾಸ ದೊಡ್ಡದು. ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ನಿಂತು, ಮತ್ತೆ ಏರಿನಲ್ಲೇ ಎಬ್ಬಿಸುವಾಗ ಕಾಮೆಟ್ ಗೊಣಗದೆ ಹೊರಡುತ್ತದೆ. ಕ್ಲೀನರ್ ಚಕ್ರಕ್ಕೆ ಅಡ್ಡ ಕೊಟ್ಟ ಮರದ ತುಂಡನ್ನು ತೆಗೆದು ಓಡಿ ಬಂದು ಹತ್ತುವಷ್ಟು ನಿಧಾನ, ಆದರೆ ನಿಲ್ಲುವುದಿಲ್ಲ. ಮಳೆಗಾಲದ ರಾತ್ರಿ, ಕೆಸರು, ಮಂಜು, ಹಿಂದೆ ಎಂಟು ಟನ್. ಆಗ ನನಗೆ ಬೇಕಾಗಿದ್ದದ್ದು ಅದೊಂದೇ ಗುಣ.

ಕಾಮೆಟ್‌ನ ಕಷ್ಟಗಳೂ ಇವೆ. ಪವರ್ ಸ್ಟೇರಿಂಗ್ ಇಲ್ಲದ ಕಾಲ, ಘಾಟಿ ತಿರುವುಗಳಲ್ಲಿ ಸೀಟಿನಿಂದ ಎದ್ದು ಮೈಭಾರ ಹಾಕಿ ತಿರುಗಿಸಬೇಕು. ನನ್ನ ಬಲಭುಜದ ನೋವು ಇವತ್ತಿಗೂ ಇದೆ. ಬಿಡಿಭಾಗ ದುಬಾರಿ.

ಕ್ಯಾಬಿನ್ ವಿಷಯದಲ್ಲಿ ಯಾವ ಲಾರಿಯನ್ನೂ ಹೊಗಳುವಂತಿಲ್ಲ, ಬೈಯುವಂತೆಯೂ ಇಲ್ಲ. ಎಂಜಿನ್ನೂ ಚಕ್ರವೂ ಇರುವ ಬರೀ ಚೌಕಟ್ಟು, ಅಂದರೆ ಷಾಸಿ ತಂದು ಇಲ್ಲಿನ ಆಚಾರಿಗಳ ಕೈಯಲ್ಲಿ ಮರದ ಬಾಡಿ ಕಟ್ಟಿಸುತ್ತಿದ್ದೆವು.

ಟಾಟಾ ಮರ್ಸಿಡಿಸ್, ನಮ್ಮ ಬಾಯಲ್ಲಿ ಬೆಂಜ್, ಬುದ್ಧಿವಂತರ ಲಾರಿ. 1954ರಲ್ಲಿ ಜರ್ಮನಿಯವರ ಜೊತೆ ಶುರುವಾದ ಒಪ್ಪಂದ 1969ಕ್ಕೆ ಮುಗಿದು ಲಾರಿಯ ಮುಖದ ಮೇಲಿನ ಮರ್ಸಿಡಿಸ್ ನಕ್ಷತ್ರ ಹೋಯಿತು, ಟಾಟಾದ 'ಟಿ' ಬಂತು, ಆದರೂ ಜನ ಬೆಂಜ್ ಅನ್ನುವುದನ್ನು ಬಿಡಲಿಲ್ಲ. ಅದರ ಡೀಸೆಲ್ ಪಂಪು ಬೆಂಗಳೂರಿನ ಮೈಕೋ ಕಂಪನಿಯದ್ದು, ರಿಪೇರಿಗೆ ಮೇಸ್ತ್ರಿ ಸಿಗದ ಊರಿರಲಿಲ್ಲ. ಬಯಲುಸೀಮೆಯಲ್ಲಿ ಹುಬ್ಬಳ್ಳಿ, ದಾವಣಗೆರೆ ಎಂದು ಓಡುವವನಿಗೆ ನಾನು ಕಣ್ಣು ಮುಚ್ಚಿ ಬೆಂಜ್ ಹೇಳುತ್ತಿದ್ದೆ. ನನಗೆ ಘಾಟಿ ಬಿಟ್ಟರೆ ಬೇರೆ ಬಾಡಿಗೆ ಇರಲಿಲ್ಲ.

2011ರಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಪ್ರೆಸ್ಟನ್‌ಗೆ ಹೋಗಿದ್ದೆ. ಲೇಲ್ಯಾಂಡ್ ಎನ್ನುವುದು ಅಲ್ಲೇ ಪಕ್ಕದ ಒಂದು ಊರಿನ ಹೆಸರು. ಅಲ್ಲಿ ಹಳೆಯ ಲಾರಿ, ಬಸ್ಸುಗಳ ಮ್ಯೂಸಿಯಂ ಇದೆ. ಲಾರಿಗಳ ನಡುವೆ ಮೂರು ಜನ ನಿವೃತ್ತ ಡ್ರೈವರ್‌ಗಳು ಕೂತು ಹಳೆಯ ಮಾತಾಡುತ್ತಿದ್ದರು. ಮಗಳು ಮಾತು ದಾಟಿಸಿದಳು. ಅವರ ಶಿರಾಡಿ ಎಂದರೆ ಉತ್ತರಕ್ಕೆ ಸ್ಕಾಟ್ಲೆಂಡಿನ ದಾರಿಯಲ್ಲಿರುವ ಶಾಪ್ ಗುಡ್ಡ. 1970ರಲ್ಲಿ ಅಲ್ಲಿ ಹೆದ್ದಾರಿ ಆಗುವವರೆಗೂ ಹಿಮ ಬಿದ್ದರೆ ಲಾರಿಗಳು ರಾತ್ರಿಯೆಲ್ಲ ಸಿಕ್ಕಿಬೀಳುತ್ತಿದ್ದವಂತೆ. ಕ್ಯಾಬಿನ್‌ನಲ್ಲಿ ಹೀಟರ್ ಇಲ್ಲ, ಮೊಣಕಾಲಿಗೆ ಗೋಣಿಚೀಲ. 1957ರವರೆಗೆ ಭಾರಿ ಲಾರಿಗಳಿಗೆ ಗಂಟೆಗೆ 20 ಮೈಲಿಯ ಮಿತಿ ಬೇರೆ. ನಾನು ಎಂಜಿನ್ ಶಾಖಕ್ಕೆ ಬಾಗಿಲು ತೆಗೆದಿಟ್ಟು ಕಟ್ಟಿ ಓಡಿಸುತ್ತಿದ್ದೆ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಅವರಿಂದ ಒಂದು ಹೊಸ ವಿಷಯ ತಿಳಿಯಿತು. ಅವರ ಲೆಕ್ಕದಲ್ಲಿ ಕಾಮೆಟ್ ಮಧ್ಯಮ ಗಾತ್ರದ ಗಾಡಿ. ದೊಡ್ಡದೆಂದರೆ ಎಂಟು ಚಕ್ರದ ಲೇಲ್ಯಾಂಡ್ ಆಕ್ಟೋಪಸ್, ಗಾರ್ಡ್ನರ್ ಎಂಜಿನ್ನಿನ ಫೋಡನ್, ಇ.ಆರ್.ಎಫ್. ಬೆಡ್‌ಫೋರ್ಡ್ ಎಂದರೆ ಕಲ್ಲಿದ್ದಲು ಮಾರುವವರು, ದಿನಸಿಯವರು, ರೈತರು ಅಗ್ಗಕ್ಕೆ ಕೊಂಡು ಹತ್ತಿರದಲ್ಲೇ ಓಡಿಸುವ ಲಾರಿ. ಅವರು ಸಮತಟ್ಟಿನಲ್ಲಿ ಹಗುರ ಲೋಡಿಗೆ ಓಡಿಸಿದ್ದನ್ನು ನಾವು ಘಾಟಿಗೆ ತಂದು ಏಳು ಟನ್ ಹೇರಿದ್ದೆವು.

1976ರಲ್ಲಿ ಹೆಂಡತಿಯ ಬಳೆ ಅಡವಿಟ್ಟು, ಉಳಿದದ್ದಕ್ಕೆ ಸೊಸೈಟಿ ಸಾಲ ತೆಗೆದು 31,000ಕ್ಕೆ ಒಂದು ಕಾಮೆಟ್ ಕೊಂಡೆ. 1965ರ ಮಾಡೆಲ್, ಎಂಜಿನ್ನೂ ಗೇರ್‌ಬಾಕ್ಸೂ ಹುಟ್ಟಿದಾಗಿನ ಜೋಡಿ. ಬಳೆ ಬಿಡಿಸಲು ಮೂರು ವರ್ಷ ಹಿಡಿಯಿತು. 1992ರವರೆಗೆ ಓಡಿತು, ಗೇರ್‌ಬಾಕ್ಸ್ ಕೆಳಗಿಳಿಸಿದ್ದು ಎರಡೇ ಸಲ. ಬೆಡ್‌ಫೋರ್ಡ್‌ನ 17,000, ಗ್ಯಾರೇಜಿನ 9,000, ಮೇಲೆ ಓಡದ ದಿನಗಳ ನಷ್ಟ ಎಲ್ಲ ಸೇರಿಸಿದರೆ ಮೊದಲೇ 34,000ದ ಕಾಮೆಟ್ ಕೊಂಡುಬಿಡಬಹುದಿತ್ತು ಎಂಬ ಲೆಕ್ಕವನ್ನು ಹೆಂಡತಿ ಬಹಳ ಸಲ ನನ್ನ ಮುಂದೆ ಮಾಡಿದ್ದಾಳೆ.

ಈಗ ಹಳೆಯ ಲಾರಿಗಳನ್ನು ಹುಡುಕಿ ಕೊಂಡು ಹೊಸದರಂತೆ ಮಾಡಿಸುವವರು ಇದ್ದಾರೆ, ನನ್ನ ತಮ್ಮನ ಮಗನೂ ಅವರಲ್ಲೊಬ್ಬ. ಬೆಡ್‌ಫೋರ್ಡ್‌ನ ಮುಖ ಚೆಂದ, ಅದೇ ಬೇಕು ಎನ್ನುತ್ತಾನೆ. ಮೆರವಣಿಗೆಗೆ ಓಡಿಸುವುದಾದರೆ ಕೊಳ್ಳಲಿ. ಆದರೆ ಎಂಜಿನ್ ಬದಲಿಸಿದ ಗಾಡಿಯಾಗಿದ್ದರೆ ದುಡ್ಡು ಕೊಡುವ ಮುಂಚೆ ಒಂದು ಸಣ್ಣ ಇಳಿಜಾರು ಹುಡುಕಬೇಕು. ಟಾಪ್ ಗೇರ್ ಹಾಕಿ, ಕೈಯನ್ನು ಲಿವರ್ ಮೇಲೆ ಹಗುರಾಗಿ ಇಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಲಿವರ್ ಅಂಗೈಯನ್ನು ನೂಕಿದರೆ, ಎಷ್ಟು ಅಗ್ಗವಾದರೂ ಇಳಿದು ಬರಬೇಕು.