ಬ್ಯಾಡ್ಜ್ ನಂಬಿ ಹಾರ್ಡ್ ಡಿಸ್ಕ್ ಕಳೆದುಕೊಂಡೆ

ನಿಮ್ಮ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮೊದಲು ಅದರ ವೈರ್ ಕಿತ್ತಿಡಿ. ನನ್ನ ಕಥೆ ಆಮೇಲೆ ಓದಿದರಾಯಿತು.

ನನ್ನ ಡಿಸ್ಕ್ ಹಾಗೆ ಸದ್ದು ಮಾಡತೊಡಗಿದಾಗ ಅದರಲ್ಲಿ ಹನ್ನೊಂದು ವರ್ಷಗಳ ಫೋಟೋಗಳಿದ್ದವು. ಬೇರೆಡೆ ಪ್ರತಿ ಇಟ್ಟುಕೊಂಡಿರಲಿಲ್ಲ. ಆ ತಪ್ಪು ನನ್ನದೇ. ಆನ್‌ಲೈನ್ ಗುಂಪೊಂದರಲ್ಲಿ ಕೇಳಿದೆ. ಹತ್ತೇ ನಿಮಿಷದಲ್ಲಿ ಹಿರಿಯ ಸದಸ್ಯರೊಬ್ಬರು ಉತ್ತರಿಸಿದರು. ಹೆಸರಿನ ಪಕ್ಕ ಬಂಗಾರದ ಬಣ್ಣದ ಬ್ಯಾಡ್ಜ್, ಅದರ ಕೆಳಗೆ ‘20 ವರ್ಷಗಳ ಅನುಭವ’. “ಚೆಕ್‌ಡಿಸ್ಕ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸರಿಹೋಗಿರುತ್ತದೆ.” ಚೆಕ್‌ಡಿಸ್ಕ್ ಎಂದರೆ ವಿಂಡೋಸ್‌ನಲ್ಲೇ ಇರುವ, ಡಿಸ್ಕ್ ತಪಾಸಣೆಯ ಪ್ರೋಗ್ರಾಂ. ಅವರ ಉತ್ತರದಲ್ಲಿ ಬಹುಶಃ ಎಂಬ ಮಾತೇ ಇಲ್ಲ.

ಅದರ ಕೆಳಗೆ ಬ್ಯಾಡ್ಜು ಗೀಡ್ಜು ಏನೂ ಇಲ್ಲದ ಹೊಸಬರೊಬ್ಬರು ಉತ್ತರದ ಬದಲು ಪ್ರಶ್ನೆ ಕೇಳಿದ್ದರು. “ಸದ್ದು ಒಂದೇ ಲಯದಲ್ಲಿದೆಯೇ? ಡಿಸ್ಕ್ ಕೆಳಗೆ ಬಿದ್ದಿತ್ತೇ? ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಡಿಸ್ಕನ್ನು ಓದುವ ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಹಾನಿ ಹೆಚ್ಚುತ್ತದೆ. ಡೇಟಾ ತೆಗೆದುಕೊಡುವ ಲ್ಯಾಬಿಗೆ ಒಯ್ಯಿರಿ.” ಹಿರಿಯರು “ಸುಮ್ಮನೆ ಹೆದರಿಸಬೇಡಿ” ಎಂದರು. ಆ ಮಾತಿಗೆ ಐದಾರು ಲೈಕ್ ಬಿದ್ದವು. ಒಂದು ನನ್ನದೇ. ಲ್ಯಾಬ್ ಎಂದರೆ ದುಡ್ಡು, ಚೆಕ್‌ಡಿಸ್ಕ್ ಪುಕ್ಕಟೆ. ನನಗೆ ಬೇಕಾದ ಉತ್ತರವನ್ನೇ ನಾನು ಆರಿಸಿಕೊಂಡಿದ್ದೆ.

ಬೆಳಿಗ್ಗೆ ಸದ್ದು ಬದಲಾಗಿತ್ತು, ಲೋಹ ಉಜ್ಜಿದಂತೆ. ಕಂಪ್ಯೂಟರ್ ಡಿಸ್ಕನ್ನು ಗುರುತಿಸಲೇ ಇಲ್ಲ. ಲ್ಯಾಬಿನವರು ಬಿಚ್ಚಿ ತೋರಿಸಿದರು: ಕನ್ನಡಿಯಂತೆ ಹೊಳೆಯಬೇಕಾದ ತಟ್ಟೆಯ ಮೇಲೆ ಬಳೆಯಂಥ ಗೀರು. ನಿಮಿಷಕ್ಕೆ 5400 ಸುತ್ತು ತಿರುಗುವ ಆ ತಟ್ಟೆಯ ಮೇಲೆ, ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ಹೆಡ್ ತೇಲುತ್ತಿರುತ್ತದೆ. ಕೆಟ್ಟ ಹೆಡ್‌ನಿಂದಲೇ ನಾನು ಇಡೀ ಡಿಸ್ಕನ್ನು ಓದಿಸಿದ್ದೆ. ಚೆಕ್‌ಡಿಸ್ಕ್ ತಿದ್ದುವುದು ಫೈಲುಗಳ ಲೆಕ್ಕಪತ್ರವನ್ನು. ಮುರಿದ ಯಂತ್ರವನ್ನು ಸರಿಮಾಡುವುದು ಅದರಿಂದಾಗದು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ: ಹಿರಿಯರ ಹಳೆಯ ಉತ್ತರಗಳನ್ನು ತೆಗೆದು ಓದಿದೆ. ಬ್ಯಾಡ್ಜ್ ಬಂದಿದ್ದು ಬರೆದ ಪೋಸ್ಟ್‌ಗಳ ಸಂಖ್ಯೆಗೆ. ಅದರಲ್ಲಿ ಅರ್ಧ ‘ಶುಭೋದಯ’, ‘ಗುಂಪಿಗೆ ಸ್ವಾಗತ’. ಪ್ರಿಂಟರ್, ಬ್ಯಾಟರಿ, ವೈರಸ್, ಯಾವುದೇ ಇರಲಿ ಎರಡು ಸಾಲಿನ ಅಪ್ಪಣೆ. ಎಂಟು ತಿಂಗಳ ಹಿಂದೆ ಒಬ್ಬರು ಗೋಳಾಡಿದ್ದರು: “ನೀವು ಹೇಳಿದಂತೆ ಮಾಡಿದೆ, ಡಿಸ್ಕ್ ಸತ್ತುಹೋಯಿತು.” ಇವರ ಉತ್ತರ: “ಅದು ಮೊದಲೇ ಸತ್ತಿತ್ತು.” ಹೊಸಬರು ಬರೆದಿದ್ದೇ ಏಳೆಂಟು ಉತ್ತರ, ಎಲ್ಲವೂ ಡಿಸ್ಕಿನದೇ. ಒಂದರ ಕೆಳಗೆ “ನಾನು ಹಿಂದೆ ಹೇಳಿದ್ದು ತಪ್ಪು” ಎಂದು ತಾವೇ ತಿದ್ದಿಕೊಂಡಿದ್ದರು.

(ಧರ್ಮಶಾಸ್ತ್ರದ ಪ್ರಾಧ್ಯಾಪಕ ಎಂದು ಹೇಳಿಕೊಂಡಿದ್ದ ವಿಕಿಪೀಡಿಯ ಸಂಪಾದಕನೊಬ್ಬ ಅಂಥ ಯಾವ ಪದವಿಯೂ ಇಲ್ಲದ 24ರ ಯುವಕ ಎಂದು 2007ರಲ್ಲಿ ಬಯಲಾಗಿತ್ತು. ಅವನ ಮಾತನ್ನು ನಂಬಿ ದೊಡ್ಡ ಪತ್ರಿಕೆಯೇ ಅಚ್ಚು ಹಾಕಿತ್ತು. ನಾನೊಬ್ಬನೇ ಮೂರ್ಖನಲ್ಲ.)

ಹಿರಿಯರ ಉತ್ತರ ಈಗಲೂ ಅಲ್ಲೇ, ಎಲ್ಲಕ್ಕಿಂತ ಮೇಲೆ ಇದೆ. ಮೊನ್ನೆ ಯಾರೋ “ಧನ್ಯವಾದ, ಈ ರಾತ್ರಿಯೇ ಹಾಕುತ್ತೇನೆ” ಎಂದು ಬರೆದಿದ್ದರು. ಅವರಿಗೆ ಆ ಗೀರಿನ ಫೋಟೋ ಕಳುಹಿಸಿದ್ದೇನೆ. ಇನ್ನೂ ನೋಡಿಲ್ಲ.