ಲಾಗ್‌ಔಟ್ ಮಾಡಿದ್ರೆ ಪರದೆ ಕಪ್ಪು: ಮನೆಗೇ ಬಂದು ಸರಿ ಮಾಡಿದ ಹುಡುಗನಿಗೆ ನಾಲ್ಕು ಸ್ಟಾರ್

ಐದನೇ ಸ್ಟಾರ್ ಯಾಕಿಲ್ಲ ಅಂದ್ರೆ, ಹನ್ನೊಂದಕ್ಕೆ ಬರ್ತೀನಿ ಅಂದವನು ಬಂದಿದ್ದು ಒಂದೂವರೆಗೆ. ಕೆಲಸದ ಬಗ್ಗೆ ದೂರಿಲ್ಲ.

ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 21 ಇದೆ. ಅಪ್ಪನಿಗೆ ಒಂದು ಅಕೌಂಟ್, ಮಗಳಿಗೆ ಒಂದು. ಬೆಳಗ್ಗೆಯೆಲ್ಲ ಅಪ್ಪ ಕನ್ನಡದಲ್ಲಿ ಏನೋ ಟೈಪ್ ಮಾಡುತ್ತಾ ಕೂರುತ್ತಾರೆ, ಸಂಜೆ ಮಗಳ ಪಾಳಿ. ಒಂದು ದಿನ ಅಪ್ಪ ಲಾಗ್‌ಔಟ್ ಒತ್ತಿದರು. ಪಾಸ್‌ವರ್ಡ್ ಕೇಳುವ ಪರದೆ ಬರಬೇಕಲ್ವಾ, ಬರಲಿಲ್ಲ. ಬರೀ ಕಪ್ಪು. ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡಿ ಮತ್ತೆ ಹಾಕಿದರೆ ಸರಿ, ಮತ್ತೆ ಲಾಗ್‌ಔಟ್ ಮಾಡಿದರೆ ಅದೇ ಕತೆ.

ಮೊದಲು ಸಿಪಿಯು ಡಬ್ಬವನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಆತ ರ‍್ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ, ಆನ್ ಮಾಡಿ ತೋರಿಸಿ 300 ರೂಪಾಯಿ ತಗೊಂಡ. ಆನ್ ಆಗುತ್ತೆ ಅಂತ ನನಗೂ ಗೊತ್ತಿತ್ತು ಮಾರಾಯ್ರೇ! ಅಲ್ಲೇ ಲಾಗ್‌ಔಟ್ ಮಾಡಿ ತೋರಿಸಿದೆ. "ಮದರ್‌ಬೋರ್ಡ್ ವೀಕ್ ಆಗಿದೆ ಸರ್, ಚೇಂಜ್ ಮಾಡ್ಸಿ" ಅಂದ. ಸುಮ್ನೆ ವಾಪಸ್ ತಂದೆ.

ಆಮೇಲೆ ಮನೆಗೆ ಬಂದ ಈ ಹುಡುಗ ಸ್ಕ್ರೂಡ್ರೈವರ್ ಹೊರಗೇ ತೆಗೆಯಲಿಲ್ಲ. ಪರದೆ ಕಪ್ಪಾದ ತಕ್ಷಣ ಕ್ಯಾಪ್ಸ್ ಲಾಕ್ ಎರಡು ಸಲ ಒತ್ತಿದ, ಕೀಬೋರ್ಡಿನ ಲೈಟ್ ಹತ್ತಿ ಆರಿತು. "ಮಿಷಿನ್ ನಡೀತಾ ಇದೆ ಸರ್, ಪರದೆ ಮಾತ್ರ ಹೋಗಿದೆ" ಅಂದ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿದರೆ ಬಿಳಿ ಅಕ್ಷರದಲ್ಲಿ ಲಾಗಿನ್ ಅಂತ ಬಂತು. ಅಲ್ಲಿ ಪಾಸ್‌ವರ್ಡ್ ಹೊಡೆದರೆ ಚುಕ್ಕೆ ಕೂಡ ಕಾಣಲ್ಲ, ನಾನಂತೂ ಕೀಬೋರ್ಡೂ ಹೋಯ್ತು ಅಂದುಕೊಂಡೆ. ಅದು ಇರೋದೇ ಹಾಗಂತೆ. ನಂತರ ಒಂದೇ ಸಾಲು, ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಅನ್ನೋ ಪ್ರೋಗ್ರಾಂ ಮತ್ತೆ ಶುರು ಮಾಡುವ ಕಮಾಂಡ್: ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಲೈಟ್‌ಡಿಎಂ. ಪಾಸ್‌ವರ್ಡ್ ಪರದೆ ಬಂದೇ ಬಿಟ್ಟಿತು.

ಇದು ತಾತ್ಕಾಲಿಕ ಅಂತ ಅವನೇ ಹೇಳಿದ. ಲಾಗ್‌ಔಟ್ ಮಾಡಿದಾಗ ಪರದೆ ಮೂಡಿಸುವ ಪ್ರೋಗ್ರಾಂ ಪೂರ್ತಿ ಮುಚ್ಚಿಕೊಂಡು, ಲಾಗಿನ್ ಪರದೆಗಾಗಿ ಇನ್ನೊಂದು ಸಲ ಹೊಸದಾಗಿ ಶುರುವಾಗುತ್ತದಂತೆ. ಆಗ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಆ ಕಾರ್ಡನ್ನು ಮತ್ತೆ ಎಬ್ಬಿಸಬೇಕು, ನಮ್ಮದರಲ್ಲಿ ಅಲ್ಲೇ ಮುಗ್ಗರಿಸುತ್ತಿತ್ತು. ಬರೀ ಲಾಕ್ ಮಾಡಿದರೆ ಆ ಪ್ರೋಗ್ರಾಂ ಮುಚ್ಚಿಕೊಳ್ಳಲ್ಲ, ಆಗ ಏನೂ ಆಗದೇ ಇದ್ದದ್ದು ಅದಕ್ಕೇ. ಎನ್‌ವಿಡಿಯಾ ಕಾರ್ಡಿಗೆ ಮಿಂಟ್ ತಾನಾಗಿ ಹಾಕಿಕೊಂಡ ನೂವೋ ಅನ್ನೋ ಡ್ರೈವರ್ ಇತ್ತು. ಡ್ರೈವರ್ ಮ್ಯಾನೇಜರ್ ತೆರೆದು, ಅಲ್ಲಿ ಶಿಫಾರಸು ಮಾಡಿದ್ದನ್ನು ಹಾಕಿ, ರೀಸ್ಟಾರ್ಟ್ ಮಾಡಿದ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು: ಡ್ರೈವರ್ ಮುಟ್ಟುವ ಮೊದಲೇ ಟೈಮ್‌ಶಿಫ್ಟ್ ಅನ್ನೋ ಪ್ರೋಗ್ರಾಂನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದ್ರೆ ಸಿಸ್ಟಮ್ ಆಗ ಇದ್ದ ಸ್ಥಿತಿಯ ನಕಲು, ತೆಗೆದಿಟ್ಟ, ಕೆಟ್ಟರೆ ಹಿಂದಕ್ಕೆ ಹೋಗಬಹುದು ಅಂತ. ಕೇಳದೇ ಇಷ್ಟು ಎಚ್ಚರಿಕೆ ವಹಿಸೋರು ಎಲ್ಲಿ ಸಿಗ್ತಾರೆ?

ಕೊನೆಗೆ ಅಪ್ಪನ ಕೈಯಲ್ಲೇ ಐದಾರು ಸಲ ಲಾಗ್‌ಔಟ್ ಮಾಡಿಸಿದ. 400 ರೂಪಾಯಿ ತಗೊಂಡ. ಮೂರು ವಾರ ಆಯ್ತು, ಕಪ್ಪು ಪರದೆ ಬಂದಿಲ್ಲ. ಆದರೂ ಅಪ್ಪ ಆ ಕಮಾಂಡನ್ನು ಕ್ಯಾಲೆಂಡರಿನ ಹಿಂದೆ ಕನ್ನಡದಲ್ಲೇ ಬರೆದಿಟ್ಟುಕೊಂಡಿದ್ದಾರೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು ಅಂತ ಇನ್ನೂ ಹೇಳಿಲ್ಲ.